ಶಾರ್ಟ್ ಹುಡುಕುವ ಕಸುಬು

ಕಾರಿನ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟ ಕರೆಂಟು ಫ್ಯೂಸ್, ಸ್ವಿಚ್, ರಿಲೇ ದಾಟಿ ಬಲ್ಬಿಗೋ ಮೋಟಾರಿಗೋ ಬರುತ್ತದೆ. ಮರಳುವಾಗ ಅದಕ್ಕೆ ಬಹುಪಾಲು ಬೇರೆ ವೈರು ಬೇಕಿಲ್ಲ, ಕಾರಿನ ಲೋಹದ ಮೈಯೇ ದಾರಿ. ಗ್ಯಾರೇಜಿನವರು ಇದನ್ನು ಬಾಡಿ ಅರ್ಥ್ ಎನ್ನುತ್ತಾರೆ. ಇದರಿಂದ ವೈರು ಉಳಿಯುತ್ತದೆ, ಅದರ ಜೊತೆಗೆ ಅಪಾಯವೂ ಬರುತ್ತದೆ. ಹೊದಿಕೆ ಸವೆದು ಒಳಗಿನ ತಾಮ್ರ ಬಾಡಿಗೆ ತಾಗಿದರೆ ಕರೆಂಟು ಬಲ್ಬಿನವರೆಗೂ ಹೋಗದೆ ಅಲ್ಲಿಂದಲೇ ಬ್ಯಾಟರಿಗೆ ಹಿಂದಿರುಗುತ್ತದೆ. ಇದೇ ಶಾರ್ಟ್. 55 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಶಾರ್ಟ್ ಆದ ದಾರಿಯ ತಡೆ 0.1 ಓಂ ಇದ್ದರೆ ಅದೇ 12 ವೋಲ್ಟಿಗೆ 120 ಆಂಪಿಯರ್ ಹರಿಯುತ್ತದೆ. ಆ ಬಿಸಿಗೆ ವೈರು ಸುಡುವ ಮೊದಲೇ ಫ್ಯೂಸ್ ತಾನು ಸುಟ್ಟು ದಾರಿ ಕಡಿಯುತ್ತದೆ.

ಮಳೆ, ಇಲಿ, ಹೆಚ್ಚುವರಿ ದೀಪ

ಶಾರ್ಟ್ ಆಗಿ ಗಾಡಿ ನಿಲ್ಲುವ ದಾರಿಗೆ ಮಲೆನಾಡಿನ ಒಂದು ಉದಾಹರಣೆ: ತುಮಕೂರು–ಹೊನ್ನಾವರ ಹೆದ್ದಾರಿ ಭದ್ರಾವತಿ, ಶಿವಮೊಗ್ಗ, ಆಯನೂರು ದಾಟಿ ಕುಂಸಿ ಎಂಬ ಊರಿಗೆ ಬರುತ್ತದೆ. ಶಿವಮೊಗ್ಗದಿಂದ ಕುಂಸಿಗೆ ಸುಮಾರು 25 ಕಿ.ಮೀ. ಇಲ್ಲಿಂದ ಆನಂದಪುರ, ಸಾಗರದ ಕಡೆ ಹೋದಷ್ಟೂ ಮಳೆ ಹೆಚ್ಚು. ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಆಟೊ ಕಾಂಪ್ಲೆಕ್ಸ್‌ನವರೆಗೆ ಹೋಗಲಾಗದೆ ದಾರಿಯಲ್ಲೇ ನಿಂತ ಗಾಡಿಗೆ ಇಂಥ ಹೆದ್ದಾರಿ ಊರಿನ ಆಟೊ ಎಲೆಕ್ಟ್ರಿಷಿಯನ್ನೇ ದಿಕ್ಕು.

ಮಲೆನಾಡಿನ ಗಾಡಿಗಳಲ್ಲಿ ಶಾರ್ಟ್‌ಗೆ ಕಾರಣಗಳು ಬಹುತೇಕ ಪರಿಚಿತ. ಮಳೆಗಾಲದಲ್ಲಿ ವೈರುಗಳನ್ನು ಜೋಡಿಸುವ ಕಪ್ಲರ್ ಒಳಗೆ ನೀರು ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ವಾರಗಟ್ಟಲೆ ನಿಂತ ಕಾರಿನ ಬಾನೆಟ್ ಒಳಗೆ ಇಲಿ ಸೇರಿ ವೈರು ಕಡಿಯುತ್ತದೆ. ಬಾಗಿಲು, ಡಿಕ್ಕಿ ತೆರೆದು ಮುಚ್ಚುವ ಜಾಗದ ರಬ್ಬರ್ ಕೊಳವೆಯಲ್ಲಿ ವೈರು ಸಾವಿರಾರು ಸಲ ಮಡಚಿ ಬಿರಿಯುತ್ತದೆ. ಮಂಜಿಗೆಂದು ಕೂರಿಸಿದ ಹೆಚ್ಚುವರಿ ದೀಪ, ಜೋರು ಹಾರ್ನ್‌ಗಳಿಗೆ ಫ್ಯೂಸ್, ರಿಲೇ ಇಲ್ಲದೆ ನಡುವೆ ವೈರು ಸುಲಿದು ಕೊಟ್ಟ ಲೈನ್ ಇನ್ನೊಂದು ದೊಡ್ಡ ಕಾರಣ.

ಒಂದೊಂದೇ ಕವಲು ಬಿಡಿಸಿ

ಪತ್ತೆ ಶುರುವಾಗುವುದು ಪ್ರಶ್ನೆಗಳಿಂದ. ಫ್ಯೂಸ್ ಯಾವಾಗ ಹೋಯಿತು? ಬ್ರೇಕ್ ಒತ್ತಿದಾಗಲೇ, ರಿವರ್ಸ್ ಹಾಕಿದಾಗಲೇ, ಗುಂಡಿಗೆ ಇಳಿದಾಗಲೇ? ಉತ್ತರದಿಂದಲೇ ಹುಡುಕುವ ಜಾಗ ಅರ್ಧ ಕಡಿಮೆಯಾಗುತ್ತದೆ. ಆ ಫ್ಯೂಸಿನ ಮೇಲೆ ಯಾವ ಯಾವ ದೀಪ, ಮೋಟಾರು ನಡೆಯುತ್ತವೆ ಎಂಬುದನ್ನು ಫ್ಯೂಸ್ ಬಾಕ್ಸಿನ ಮುಚ್ಚಳದ ಪಟ್ಟಿ ಹೇಳುತ್ತದೆ.

ಮುಂದಿನ ಸಾಧನ 21 ವ್ಯಾಟಿನ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್. ಸುಟ್ಟ ಫ್ಯೂಸ್ ತೆಗೆದು ಅದರ ಎರಡು ಕಾಲುಗಳ ಜಾಗಕ್ಕೆ ಇದನ್ನು ಜೋಡಿಸಿ ಸ್ವಿಚ್ ಹಾಕಿದರೆ, ಶಾರ್ಟ್ ಇದ್ದಲ್ಲಿ ಬಲ್ಬು ಪೂರ್ತಿ ಪ್ರಕಾಶದಿಂದ ಉರಿಯುತ್ತದೆ. ಕರೆಂಟು ಎರಡು ಆಂಪಿಯರ್ ಮೀರದಂತೆ ಬಲ್ಬೇ ತಡೆಯುವುದರಿಂದ ವೈರಿಗೆ ಅಪಾಯವಿಲ್ಲ, ಹೊಸ ಫ್ಯೂಸುಗಳೂ ಹಾಳಾಗುವುದಿಲ್ಲ. ಆಮೇಲೆ ಆ ಲೈನಿನ ಕಪ್ಲರ್‌ಗಳನ್ನು ಒಂದೊಂದಾಗಿ ಬಿಡಿಸಬೇಕು. ಯಾವುದನ್ನು ಬಿಡಿಸಿದಾಗ ಬಲ್ಬು ಆರುತ್ತದೋ ದೋಷ ಆ ಕವಲಿನಲ್ಲಿದೆ. ಬಳಿಕ ಕಪ್ಲರ್ ಮತ್ತೆ ಜೋಡಿಸಿ ಆ ಕವಲಿನ ವೈರನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಹೋದರೆ ಬಲ್ಬು ಮಿನುಗುವ ಜಾಗ ಸಿಗುತ್ತದೆ. ಆಗಾಗ ಬಂದು ಹೋಗುವ ಶಾರ್ಟ್‌ಗೂ ಇದೇ ಉಪಾಯ: ಬಾಗಿಲು ತೆರೆದು ಮುಚ್ಚಿ, ಸ್ಟೀರಿಂಗ್ ತಿರುಗಿಸಿ ಬಲ್ಬನ್ನು ಗಮನಿಸಬೇಕು.

ಫ್ಯೂಸ್ ಸುಡದೆ ರಾತ್ರೋರಾತ್ರಿ ಬ್ಯಾಟರಿ ಇಳಿಯುವುದು ಬೇರೆ ಬಗೆಯ ದೋಷ. ಇದಕ್ಕೆ ನೆಗೆಟಿವ್ ಕೇಬಲ್ ಬಿಡಿಸಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರ್ ಇಟ್ಟು ಆಂಪಿಯರ್ ಅಳೆಯುತ್ತಾರೆ. ಕಾರಿನ ಕಂಪ್ಯೂಟರ್‌ಗಳು ನಿದ್ರೆಗೆ ಜಾರಲು ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೆ ಸಾಮಾನ್ಯವಾಗಿ 0.05 ಆಂಪಿಯರ್‌ಗಿಂತ ಕಡಿಮೆ ಇರಬೇಕು. ಅರ್ಧ ಆಂಪಿಯರ್ ಸೋರುತ್ತಿದ್ದರೆ 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನದೊಳಗೆ ಬರಿದಾಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋದಾಗ ಮೀಟರ್ ಎಲ್ಲಿ ಇಳಿಯುತ್ತದೋ ಸೋರಿಕೆ ಆ ಲೈನಿನಲ್ಲಿದೆ.

ರಿಪೇರಿ

ಬ್ಯಾಟರಿಯ ನೆಗೆಟಿವ್ ಬಿಡಿಸಿಯೇ ಕೆಲಸಕ್ಕೆ ಕೈ ಹಾಕಬೇಕು. ಸುಟ್ಟ, ಕಿಲುಬು ಹಿಡಿದ ಭಾಗ ಕತ್ತರಿಸಿ ಅದೇ ದಪ್ಪದ ವೈರು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸುತ್ತಾರೆ. ಬರೀ ಟೇಪು ಸುತ್ತಿದರೆ ಮಳೆಯಲ್ಲಿ ಅಂಟು ಬಿಡುತ್ತದೆ. ವೈರು ಸವೆದದ್ದು ಯಾವ ಅಂಚಿಗೆ ತಾಗಿ ಎಂದು ನೋಡಿ, ಅಲ್ಲಿ ರಬ್ಬರ್ ಕೂರಿಸಿ ಅಥವಾ ವೈರಿನ ದಾರಿ ಬದಲಿಸಿ ಕ್ಲಿಪ್ ಹಾಕಬೇಕು. ಇಲ್ಲದಿದ್ದರೆ ಅದೇ ಜಾಗ ಮತ್ತೆ ಸವೆಯುತ್ತದೆ.

ಫ್ಯೂಸಿನ ಬಣ್ಣವೇ ಅದರ ಮಿತಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಪದೇ ಪದೇ ಸುಡುತ್ತದೆ ಎಂದು 10ರ ಜಾಗಕ್ಕೆ 30 ಹಾಕುವುದು, ತಾಮ್ರದ ಎಳೆ ಸುತ್ತುವುದು ಕಾರಿಗೆ ಬೆಂಕಿ ಹಚ್ಚುವ ಕೆಲಸ. ಆಗ ಫ್ಯೂಸಿನ ಬದಲು ಡ್ಯಾಶ್‌ಬೋರ್ಡ್ ಹಿಂದಿನ ವೈರೇ ಕಾದು ಕರಗುತ್ತದೆ.

ಹೊಸ ಗಾಡಿ, ಹೊಸ ಎಚ್ಚರ

ಏರ್‌ಬ್ಯಾಗಿನ ಹಳದಿ ಕಪ್ಲರ್‌ಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಬಾರದು, ಬ್ಯಾಗು ಸಿಡಿಯಬಹುದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅವುಗಳಿಗೆ ಪ್ರತ್ಯೇಕ ತರಬೇತಿ ಬೇಕು. ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಕ್ಯಾನ್ ಎಂಬ ಜೋಡಿ ವೈರನ್ನು ಬ್ಯಾಟರಿ ಬಿಡಿಸಿ ಅಳೆದರೆ ಸಾಮಾನ್ಯವಾಗಿ ಸುಮಾರು 60 ಓಂ ತೋರಬೇಕು. ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ ಎಂದರ್ಥ. ಸ್ಕ್ಯಾನರ್ ದೋಷದ ಕೋಡ್ ಕೊಡುತ್ತದೆ, ಆದರೆ ವೈರು ಸವೆದ ಜಾಗ ಹುಡುಕಲು ಈಗಲೂ ಕಣ್ಣು, ಕೈ, ಮೀಟರೇ ಬೇಕು.

ಐಟಿಐಗಳ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕೋರ್ಸಿನಲ್ಲಿ ಈ ಕಸುಬಿನ ಮೂಲಪಾಠ ಸಿಗುತ್ತದೆ, ಪಳಗುವುದು ಗ್ಯಾರೇಜಿನಲ್ಲಿ. ಅಲ್ಲಿ ಕಲಿಯಬೇಕಾದ ಮುಖ್ಯ ಶಿಸ್ತು ಊಹೆಯ ಮೇಲೆ ಭಾಗ ಬದಲಿಸದಿರುವುದು. ರಿಪೇರಿ ಮುಗಿದ ಮೇಲೆ ಸರಿಯಾದ ಫ್ಯೂಸ್ ಹಾಕಿ, ಎಲ್ಲ ದೀಪ ಉರಿಸಿ, ವೈರು ಅಲುಗಾಡಿಸಿ ನೋಡಬೇಕು. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು. ಈ ಪರೀಕ್ಷೆಗಳಲ್ಲಿ ಫ್ಯೂಸ್ ಉಳಿದರೆ ಗಾಡಿಯನ್ನು ಮಾಲೀಕರಿಗೆ ಒಪ್ಪಿಸಬಹುದು.