ಊರಂಚಿಗೆ ಚಿರತೆ ಬಂದರೆ...

‘ಕಬ್ಬಿನ ಗದ್ದೆ ಹತ್ರ ಚಿರತೆ ಕಾಣಿಸ್ತಂತೆ!’ ಸುದ್ದಿ ಕಿವಿಗೆ ಬಿದ್ದರೆ ಸಾಕು, ಎದೆ ಧಸಕ್ಕೆನ್ನುತ್ತದೆ ಅಲ್ವೇ? ಭಯ ಸಹಜ. ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಒಬ್ಬ ಬಾಲಕನೂ ಸೇರಿ ನಾಲ್ವರು ಚಿರತೆಗೆ ಬಲಿಯಾದರು.

‘ಬೋನಿಟ್ಟು ಹಿಡಿದು ಕಾಡಿಗೆ ಬಿಟ್ಟರಾಯ್ತಪ್ಪ’ ಅಂತೀರಾ? ಮನುಷ್ಯರ ಮೇಲೆರಗಿದ ಚಿರತೆಯನ್ನು ಹಿಡಿಯಲೇಬೇಕು, ನಿಜ. ಆದರೆ ತನ್ನ ಪಾಡಿಗೆ ಓಡಾಡಿಕೊಂಡಿರುವುದನ್ನೂ ಹಿಡಿದು ಬೇರೆಡೆ ಬಿಟ್ಟರೆ ಅಪಾಯವೇ ಹೆಚ್ಚು. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಹೀಗೆ ಬಿಟ್ಟ ಮೇಲೆ ಜನರ ಮೇಲಿನ ದಾಳಿ ಏರಿತ್ತು! ಹಾಗಾಗಿ, ಅದು ಮನೆ ಬಾಗಿಲಿಗೆ ಬರದಂತೆ ನೋಡಿಕೊಳ್ಳುವುದೇ ಜಾಣತನ. ಅದು ನಿಮ್ಮ ಕೈಯಲ್ಲೇ ಇದೆ.

* ನಾಯಿ, ಕುರಿ, ಕೋಳಿ ಚಿರತೆಗೆ ಸುಲಭದ ಊಟ. ರಾತ್ರಿ ಅವನ್ನು ಬಾಗಿಲು, ಸೂರು ಭದ್ರವಾಗಿರುವ ಕಡೆ ಕೂಡಿಹಾಕಿ.

* ಉಳಿದ ಅನ್ನ, ಮಾಂಸದ ಚೂರು ಬೀದಿಗೆ ಎಸೆಯಬೇಡಿ. ಅದಕ್ಕೆ ಬೀದಿನಾಯಿ ಬರುತ್ತೆ, ನಾಯಿಯ ಹಿಂದೆ ಚಿರತೆ!

* ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಕಳಿಸಬೇಡಿ. ನೀವೂ ಹಿತ್ತಿಲಿಗೆ ಹೋಗುವಾಗ ಟಾರ್ಚ್ ಹಿಡಿದು, ಜೋರಾಗಿ ಮಾತಾಡುತ್ತಾ ಜೊತೆಯಲ್ಲಿ ಹೋಗಿ.

* ಎದುರಾದರೆ ಓಡಬೇಡಿ. ಬೆನ್ನು ತೋರಿಸದೆ ಮೆಲ್ಲಗೆ ಹಿಂದೆ ಸರಿದು, ಅದು ಹೋಗಲು ದಾರಿ ಬಿಡಿ.

* ಕಬ್ಬು ಕಡಿಯುವಾಗ ಮರಿಗಳು ಸಿಕ್ಕರೆ ಮುದ್ದಾಗಿವೆಯೆಂದು ಎತ್ತಿಕೊಳ್ಳಬೇಡಿ. ಕೆಲಸ ನಿಲ್ಲಿಸಿ, ದೂರ ಸರಿದು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

* ಕುರಿ, ಕರು ಹೋದರೆ ಸಿಟ್ಟಿಗೆ ವಿಷ ಇಡಬೇಡಿ. ಇಲಾಖೆಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಕೊಡಿ.

ಮುಂದಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ವಿಷಯ ಎತ್ತುತ್ತೀರಲ್ಲ? ಒಂದು ಮನೆಯವರು ಎಚ್ಚರವಾಗಿದ್ದರೆ ಸಾಲದು, ಇಡೀ ಬೀದಿಯೇ ಎಚ್ಚರವಾಗಿರಬೇಕು.