ತೋಟದ ಮಂಡಿಗೆ ಲಟಿಕೆ ಮದ್ದಲ್ಲ

ಕಳಸದ ಕಡೆಯ ಕಾಫಿ ತೋಟವೊಂದರ ಕಣದಲ್ಲಿ ಸಂಜೆಯ ತೂಕ ನಡೆಯುತ್ತಿತ್ತು. ಹಣ್ಣಿನ ಮೂಟೆ ಇಳಿಸಿದ ಹೆಂಗಸೊಬ್ಬರು ಕೂರಲಿಲ್ಲ. "ಕೂತ್ರೆ ಏಳೋಕೆ ಆಗಲ್ಲ ಅಣ್ಣಾ" ಎಂದು ಕಂಬಕ್ಕೊರಗಿ ನಿಂತರು. ಬಲ ಮಂಡಿಗೆ ಬಾಡಿಸಿದ ಎಕ್ಕದೆಲೆ ಇಟ್ಟು, ಮೇಲೆ ಹಳೇ ಟವೆಲ್ ಬಿಗಿದಿದ್ದರು. ಬೆಂಗಳೂರಿನಲ್ಲಿರುವ ಮಗ ಕಳಿಸಿದ ವಿಡಿಯೊವನ್ನು ನನಗೆ ತೋರಿಸಿದರು. ಅದರಲ್ಲಿ ಒಬ್ಬಾತ ರೋಗಿಯ ಕತ್ತು ಹಿಡಿದು ತಿರುಗಿಸುತ್ತಾನೆ, ಲಟಕ್ಕನೆ ಸದ್ದು, ರೋಗಿ ನಗುತ್ತಾ ಎದ್ದು ಕೂರುತ್ತಾನೆ. "ಹಿಂಗೆ ಮಾಡಿಸಿದ್ರೆ ನನ್ ಮಂಡಿನೂ ಸರಿಹೋಗ್ತದಾ?"

ಇಲ್ಲ. ಕೈರೊಪ್ರಾಕ್ಟಿಕ್ ಎಂಬ ಈ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಆರಂಭಿಸಿದರು. ಬೆನ್ನುಮೂಳೆ ಮತ್ತು ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸುವುದೇ ಇದರ ಮುಖ್ಯ ಕೆಲಸ. ಬೆರಳಿನ ಲಟಿಕೆ ಮುರಿದಾಗ ಕೇಳುವುದೂ ಇಲ್ಲಿ ಕೇಳುವುದೂ ಒಂದೇ ಸದ್ದು: ಕೀಲಿನ ದ್ರವದೊಳಗಿನ ಅನಿಲದ ಆಟ. ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಅದು. ಸವೆದ ಮೃದ್ವಸ್ಥಿ ಅದರಿಂದ ಮತ್ತೆ ಬೆಳೆಯುವುದೂ ಇಲ್ಲ. ನುರಿತ ಕೈ ಬಿದ್ದರೆ ಬಿಗಿತ ಕೆಲಕಾಲ ಸಡಿಲವಾಗಬಹುದು, ಅಷ್ಟೆ. ಸೊಂಟ, ಮಂಡಿಗಳ ಸವೆತಕ್ಕೆ ಇಂಥ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಯೋಚಿಸಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೂಳೆ ಟೊಳ್ಳಾದ ವಯಸ್ಸಿನಲ್ಲಿ ಜೋರಾಗಿ ಒತ್ತಿಸಿಕೊಂಡರೆ ಮೂಳೆ ಮುರಿಯುವ ಅಪಾಯವಿದೆ. ಕತ್ತು ತಿರುಗಿಸುವಾಗ ರಕ್ತನಾಳ ಹರಿದು ಪಾರ್ಶ್ವವಾಯು ಬಡಿದದ್ದೂ ಅಪರೂಪಕ್ಕೆ ಉಂಟು. ಮಂಡಿ ನೋವಿಗೆ ಕತ್ತು ಕೊಡುವುದು ಬೇಡ.

ನಮ್ಮ ಮಂಡಿಯ ಕಷ್ಟ ಇರುವುದು ಇಳಿಜಾರಿನಲ್ಲಿ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್. ಕೂಲಿ ಕೆ.ಜಿ. ಲೆಕ್ಕದಲ್ಲಿ ಸಿಗುವಾಗ ಮಂಡಿಗೆ ಬಿಡುವು ಕೊಡುವವರು ಯಾರು? ಮೂಟೆ ಹೊತ್ತು ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಕೀಲಿನ ಮೇಲೆ ಬೀಳುತ್ತದೆ. ಅದನ್ನು ತಡೆದುಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು. ಹಾಗಾಗಿ ಮದ್ದು ಅಲ್ಲಿಂದ ಶುರುವಾಗಬೇಕು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು, ಐದು ಎಣಿಸಿ, ಮೆಲ್ಲಗೆ ಇಳಿಸಿ. ಹತ್ತು ಸಲ ಬಲಗಾಲು, ಹತ್ತು ಸಲ ಎಡಗಾಲು. ಆ ಹೆಂಗಸು ಅಲ್ಲೇ ಕಾಫಿ ಮೂಟೆಯ ಮೇಲೆ ಕೂತು ಮಾಡಿ ನೋಡಿದರು. ನಾಲ್ಕನೆಯ ಸಲಕ್ಕೆ ತೊಡೆ ನಡುಗಿತು. ಅಷ್ಟು ಬಲ ಕುಂದಿತ್ತು.

ಊರುಗೋಲು ಹಿಡಿಯುವವರು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅಂದೇ ಡಾಕ್ಟರನ್ನು ಕಾಣಿ. ಹೆಸರಿಲ್ಲದ ಪುಡಿ ತಿಂದು ನೋವು ಮಾಯವಾಯಿತೆಂದು ಹಿಗ್ಗಬೇಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು.

ತೋಟದ ಮಾಲೀಕರಲ್ಲಿ ಒಂದು ಬೇಡಿಕೆ: ಮುಂದಿನ ಕೊಯ್ಲಿಗೆ ಮುಂಚೆ ಕಡಿದಾದ ದಾರಿಗೆ ಮೆಟ್ಟಿಲು ಕಡಿಸಿ, ಜೀಪು ಹೋಗುವಲ್ಲಿಗೆ ಜೀಪು ಕಳಿಸಿ, ಮೂಟೆಯನ್ನು ಚಿಕ್ಕದು ಮಾಡಿ.