ಖಾಲಿ ಹೊಟ್ಟೆಯೆಂದರೆ ಕಾಫಿಯೂ ಇಲ್ಲದ ಹೊಟ್ಟೆ

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಎಂದು ವೈದ್ಯರು ಹೇಳಿರುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ಖಾಲಿ ಹೊಟ್ಟೆಯೆಂದರೆ ತಿಂಡಿ ತಿನ್ನದ ಹೊಟ್ಟೆ. ಕಾಫಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಮಾತ್ರೆಯಲ್ಲಿರುವ ಲಿವೋಥೈರಾಕ್ಸಿನ್‌ನ ಒಂದು ಪಾಲು ಕರುಳು ದಾಟಿ ರಕ್ತ ಸೇರುವುದೇ ಇಲ್ಲ. ಮಾತ್ರೆ ತಪ್ಪಿಸದಿದ್ದರೂ ಟಿಎಸ್‌ಎಚ್ ಹಾರ್ಮೋನ್ ಮಟ್ಟ ಹತೋಟಿಗೆ ಬಾರದ ಕೆಲವರಲ್ಲಿ ಎಸ್‌ಪ್ರೆಸೊ ಕಾಫಿಯೇ ಅಡ್ಡಿಯಾಗಿದ್ದನ್ನು ಇಟಲಿಯ ವೈದ್ಯರು 2008ರಲ್ಲಿ ವರದಿ ಮಾಡಿದರು. ಕಾಫಿಯನ್ನು ಒಂದು ಗಂಟೆ ತಡ ಮಾಡಿದರೆ ಈ ತೊಂದರೆ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಾದರೆ ನಾಲ್ಕು ಗಂಟೆ ಬಿಡಬೇಕು. ಡೋಸ್ ಏರಿಸುವ ಮೊದಲು ಇಷ್ಟನ್ನು ಕೇಳಿ ತಿಳಿಯುವುದು ವೈದ್ಯರಿಗೂ ಒಳ್ಳೆಯದು.

"ಮಾತ್ರೆ ಉಷ್ಣ, ಮೇಲೊಂದು ಲೋಟ ಮಜ್ಜಿಗೆ ಕುಡಿಯಪ್ಪಾ" ಎಂಬ ಅಮ್ಮನ ಕಾಳಜಿಯೂ ಸಿಪ್ರೋಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗೆ ಆಗಿಬರುವುದಿಲ್ಲ. ಹಾಲು, ಮೊಸರುಗಳ ಕ್ಯಾಲ್ಸಿಯಂ ಔಷಧದ ಅಣುಗಳಿಗೆ ಅಂಟಿಕೊಂಡು, ಕರುಳು ಹೀರಿಕೊಳ್ಳಲಾಗದಂತೆ ಮಾಡುತ್ತದೆ. ಸೋಂಕಿನೊಡನೆ ಹೋರಾಡಬೇಕಾದ ಮದ್ದು ಮಲದಲ್ಲಿ ಹೊರಟುಹೋಗುತ್ತದೆ. ಕಬ್ಬಿಣದ ಮಾತ್ರೆಗೆ ಚಹಾ ಹೀಗೆಯೇ ಶತ್ರು, ನಿಂಬೆರಸ ಮಿತ್ರ.

ಇವೆಲ್ಲ ಒಂದಷ್ಟು ಹೊತ್ತು ಬಿಟ್ಟು ತೆಗೆದುಕೊಂಡರೆ ಸರಿಹೋಗುವ ಸಂಗತಿಗಳು. ಚಕ್ಕೋತದ ಜಾತಿಯ ಹಣ್ಣುಗಳದು ಬೇರೆಯೇ ಕಥೆ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧದ ಮೇಲೆ ಮದ್ಯದ ಪರಿಣಾಮ ನೋಡಲು ಹೊರಟಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಹಲವು ಪಟ್ಟು ಏರಿತು. ಕಾರಣ ಮದ್ಯವಲ್ಲ, ರಸ! 1989ರಲ್ಲಿ ಪ್ರಕಟವಾದ ಈ ಪ್ರಯೋಗ ಔಷಧಶಾಸ್ತ್ರದ ಕಣ್ಣು ತೆರೆಸಿತು.

ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ಅದು ಸುಂಕದ ಕಟ್ಟೆಯಂತೆ, ಒಳಬರುವ ಅನೇಕ ಔಷಧಗಳಲ್ಲಿ ಒಂದು ಪಾಲನ್ನು ಅಲ್ಲೇ ಮುರಿದುಹಾಕುತ್ತದೆ. ಮಾತ್ರೆಯ ಮಿಲಿಗ್ರಾಂ ನಿಗದಿಯಾಗುವುದೂ ಈ ನಷ್ಟವನ್ನು ಲೆಕ್ಕ ಹಿಡಿದೇ. ಗ್ರೇಪ್‌ಫ್ರೂಟ್‌ನ ಫ್ಯುರಾನೊಕೂಮರಿನ್‌ಗಳು ಕಿಣ್ವವನ್ನು ಕೆಡಿಸಿಬಿಡುತ್ತವೆ. ಕರುಳು ಹೊಸದನ್ನು ತಯಾರಿಸಿಕೊಳ್ಳಲು ಎರಡು ಮೂರು ದಿನ ಬೇಕು. ಆದ್ದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ಇಲ್ಲಿ ನಡೆಯುವುದಿಲ್ಲ. ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಪರೂಪ; ಆದರೆ ದೇವನಹಳ್ಳಿಯವರು ಹೆಮ್ಮೆಯಿಂದ ಬೆಳೆಯುವ ಚಕ್ಕೋತ ಅದರ ಮೂಲ ತಳಿಗಳಲ್ಲೊಂದು, ಅದರಲ್ಲೂ ಈ ರಾಸಾಯನಿಕಗಳಿವೆ. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್, ಕಿಡ್ನಿ ಕಸಿಯ ನಂತರ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು ಚಕ್ಕೋತವನ್ನು ವೈದ್ಯರನ್ನು ಕೇಳದೆ ತಿನ್ನಬಾರದು.

ಕರಿಮೆಣಸಿನ ಪೈಪರಿನ್‌ಗೂ ಇಂಥ ಶಕ್ತಿಯಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಸುಮಾರು 20 ಪಟ್ಟು ಹೆಚ್ಚಿತು. ಜಮ್ಮುವಿನ ವಿಜ್ಞಾನಿಗಳು ಇದೇ ಗುಣವನ್ನು ಬಳಸಿ, ಕ್ಷಯದ ರಿಫಾಂಪಿಸಿನ್‌ಗೆ ಪೈಪರಿನ್ ಸೇರಿಸಿ ಡೋಸ್ ತಗ್ಗಿಸಿದ ಮಾತ್ರೆ ರೂಪಿಸಿದರು. ನನಗೆ ತುಂಬ ಮೆಚ್ಚುಗೆಯಾದ ಕೆಲಸ ಅದು. ಆದರೆ ಮೆಣಸು ಹಾಕಿದ ಸೂಪ್ ಕುಡಿದವರಲ್ಲಿ ಅಪಸ್ಮಾರದ ಫೆನಿಟಾಯಿನ್ ಮಟ್ಟವೂ ಏರಿದ್ದನ್ನು ಭಾರತದಲ್ಲೇ ಅಳೆದು ನೋಡಿದ್ದಾರೆ. ಫೆನಿಟಾಯಿನ್ ಸ್ವಲ್ಪ ಹೆಚ್ಚಾದರೂ ತಲೆ ಸುತ್ತುತ್ತದೆ, ನಡಿಗೆ ತೂರಾಡುತ್ತದೆ. ಅರಿಶಿನ-ಮೆಣಸಿನ ಸಾರದ ಕ್ಯಾಪ್ಸೂಲ್‌ಗಳು ಈಗ ಚೀಟಿಯಿಲ್ಲದೆ ಸಿಗುತ್ತವೆ. "ಬೇರೆ ಏನು ಮಾತ್ರೆ ತಗೊಳ್ತಿದ್ದೀರಿ?" ಎಂದು ವೈದ್ಯರು ಕೇಳಿದಾಗ ಅವುಗಳ ಹೆಸರನ್ನೂ, ದಿನಾ ಕುಡಿಯುವ ಕಷಾಯವನ್ನೂ ಹೇಳಿ.